ಲೋಹದ ಕಾಲು, ಗಾಜಿನ ಮೈ: ಹಳೇ ಮಾಡರ್ನಿಸ್ಟ್ ಟೀಪಾಯಿ ಆರಿಸುವುದು ಹೇಗೆ?

ಲೋಹದ ಕಾಲು, ಮೇಲೊಂದು ಗಾಜು. ಅಷ್ಟೇ. 1920ರ ದಶಕದ ಕೊನೆಯಿಂದ 1980ರ ಆಸುಪಾಸಿನವರೆಗೆ ಬಂದ ಮಾಡರ್ನಿಸ್ಟ್ ಟೀಪಾಯಿಗಳಲ್ಲಿ ಬಚ್ಚಿಡೋಕೆ ಏನೂ ಇಲ್ಲ. ಡ್ರಾಯರ್ ಇಲ್ಲ, ಕೆತ್ತನೆ ಇಲ್ಲ, ಹೊದಿಕೆ ಇಲ್ಲ. ಅದಕ್ಕೇ ಆರಿಸೋದು ಸುಲಭ ಅನಿಸುತ್ತದೆ. ಆದರೆ ಫೋಟೋದಲ್ಲಿ ಅಕ್ಕತಂಗಿಯರಂತೆ ಕಾಣುವ ಎರಡು ಟೀಪಾಯಿಗಳಲ್ಲಿ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇರಬಹುದು. ಕೆಲವೊಮ್ಮೆ ಅದಕ್ಕೆ ಸರಿಯಾದ ಕಾರಣ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ.

ಮಾರುವವರು ಮೊದಲು ಗಾಜನ್ನೇ ತೋರಿಸುತ್ತಾರೆ. "ಒಂದು ಗೀರೂ ಇಲ್ಲ ನೋಡಿ" ಅನ್ನುತ್ತಾರೆ. ನೀವು ಬಗ್ಗಿ ಕೆಳಗೆ ನೋಡಿ. ಗಾಜು ಹಾಳಾಗಿದ್ದರೆ ಅದೇ ಅಳತೆಗೆ ಹೊಸದು ಮಾಡಿಸಬಹುದು. ಕಾಲು ಸೊಟ್ಟಗಾಗಿದ್ದರೆ, ಬೆಸುಗೆ ಬಿಟ್ಟಿದ್ದರೆ, ಮೇಲಿನ ಕ್ರೋಮ್ ಲೇಪ ಎದ್ದಿದ್ದರೆ ಅದನ್ನು ಸರಿಮಾಡಿಸುವ ಖರ್ಚು ಎಷ್ಟೋ ಸಲ ಟೀಪಾಯಿಯ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ: ದುಡ್ಡು ಕೊಡುವುದು ಕಾಲಿಗೆ. ಗಾಜು ಅದರ ಜೊತೆ ಬರುವ ಬಿಡಿಭಾಗ. ಇದಕ್ಕೆ ಒಂದೆರಡು ಅಪವಾದ ಇವೆ, ಮುಂದೆ ಬರುತ್ತವೆ. ಈಗ ಕಾಲಿನ ಲೆಕ್ಕದಲ್ಲೇ ಒಂದೊಂದನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಎಕ್ಸ್ ಆಕಾರದ ಕಾಲು

ಗಾಜಿನ ಟೀಪಾಯಿ ಅಂದಾಗ ಬಹಳ ಜನರ ಕಣ್ಣಿಗೆ ಬರುವುದು ಇದೇ. ಜರ್ಮನ್ ವಾಸ್ತುಶಿಲ್ಪಿ ಲುಡ್ವಿಗ್ ಮೀಸ್ ವಾನ್ ಡೆರ್ ರೋ 1930ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಬ್ರನೋ ನಗರದ ಟುಗೆಂಡ್‌ಹಾಟ್ ಮನೆಗಾಗಿ ಮಾಡಿದ ವಿನ್ಯಾಸ. ಮಾರುಕಟ್ಟೆಯಲ್ಲಿ ಇದಕ್ಕೆ ಬಾರ್ಸಿಲೋನಾ ಟೇಬಲ್ ಅನ್ನುತ್ತಾರೆ. ಆದರೆ 1929ರ ವಸ್ತುಪ್ರದರ್ಶನಕ್ಕೆ ಅವರು ಕಟ್ಟಿದ ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ ಇದ್ದದ್ದು ಈ ಟೀಪಾಯಿ ಅಲ್ಲ. ಅಲ್ಲಿದ್ದ ಕುರ್ಚಿಯ ಹೆಸರು ಇದಕ್ಕೂ ಅಂಟಿಕೊಂಡಿತು. ಆದ್ದರಿಂದ "1929ರ ಬಾರ್ಸಿಲೋನಾ ಪೆವಿಲಿಯನ್ನಿನ ಟೇಬಲ್" ಅಂತ ಯಾರಾದರೂ ಬರೆದಿದ್ದರೆ, ಅವರು ಬರೆದ ಉಳಿದ ವಿವರಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದಿ.

ಚಪ್ಪಟೆ ಉಕ್ಕಿನ ಪಟ್ಟಿಗಳು ಮಧ್ಯದಲ್ಲಿ ಕೂಡುತ್ತವೆ, ನಾಲ್ಕು ತುದಿಯಲ್ಲಿ ಕೆಳಗಿಳಿದು ಕಾಲಾಗುತ್ತವೆ. ಮೇಲೆ ಸುಮಾರು 1 ಮೀಟರ್ ಚೌಕದ ದಪ್ಪ ಗಾಜು ಸುಮ್ನೆ ಕೂತಿರುತ್ತದೆ. ಅಂಟೂ ಇಲ್ಲ, ಸ್ಕ್ರೂವೂ ಇಲ್ಲ. ತನ್ನ ತೂಕಕ್ಕೇ ಅದು ನಿಂತಿರುವುದು.

ಈ ವಿನ್ಯಾಸದ ಒಳ್ಳೆಯದು ಕೆಟ್ಟದ್ದು ಎರಡೂ ತಿಳಿಯುವುದು ಪಟ್ಟಿಗಳು ಕೂಡುವ ಆ ಮಧ್ಯದ ಜಾಗದಲ್ಲಿ. ಮೊಬೈಲ್ ಟಾರ್ಚ್ ಹಚ್ಚಿ ಬೆಳಕನ್ನು ಪಕ್ಕದಿಂದ ಬಿಡಿ. ಚೆನ್ನಾಗಿ ಮಾಡಿದ ಕಾಲಿನಲ್ಲಿ ಎರಡು ಪಟ್ಟಿ ಸೇರಿದ ಗೆರೆ ಕಾಣಲ್ಲ. ಬೆಸುಗೆ ಹಾಕಿದ ಮೇಲೆ ಕೈಯಲ್ಲಿ ಅರೆದು, ಉಜ್ಜಿ, ಪಾಲಿಶ್ ಮಾಡಿ ಇಡೀ ಎಕ್ಸ್ ಒಂದೇ ಉಕ್ಕಿನ ತುಂಡು ಅನಿಸುವ ಹಾಗೆ ಮಾಡಿರುತ್ತಾರೆ. ಪಟ್ಟಿಯ ಅಂಚು ಚೂಪಾಗಿ, ನೇರವಾಗಿ ಇರುತ್ತದೆ. ಅಗ್ಗದ ನಕಲಿನಲ್ಲಿ ಒಳಮೂಲೆಯಲ್ಲಿ ಬೆಸುಗೆಯ ಉಬ್ಬು ಉಳಿದಿರುತ್ತದೆ. ಇಲ್ಲದಿದ್ದರೆ ಆ ಉಬ್ಬು ತೆಗೆಯಲು ಹೋಗಿ ಅಂಚನ್ನೆಲ್ಲ ಉರುಟು ಮಾಡಿರುತ್ತಾರೆ. ಒಳಮೂಲೆಗಳಲ್ಲಿ ಕ್ರೋಮ್ ಯಾವಾಗಲೂ ತೆಳುವಾಗಿಯೇ ಕೂರುತ್ತದೆ, ಯಾಕೆಂದರೆ ಕರೆಂಟ್ ಹಾಯಿಸಿ ಲೋಹದ ಲೇಪ ಹತ್ತಿಸುವ ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ಹೊರಗಿನ ಅಂಚಿಗೆ ಜಾಸ್ತಿ, ಒಳಮೂಲೆಗೆ ಕಡಿಮೆ ಹರಿಯುತ್ತದೆ. ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಅಲ್ಲಿ ಚೊಕ್ಕವಾಗಿದ್ದರೆ ಉಳಿದ ಕಡೆಯೂ ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ.

ಬಳಕೆಗೆ ಹೇಗೆ? ನಿಜ ಹೇಳಬೇಕೆಂದರೆ ನೋಡೋಕೆ ಚೆಂದ ಇರುವಷ್ಟು ಬಳಸೋಕೆ ಅನುಕೂಲ ಅಲ್ಲ. ಒಂದು ಮೀಟರ್ ಚೌಕ ಅಂದರೆ ನಡುವೆ ಇಟ್ಟ ಪುಸ್ತಕ ಎತ್ತಲು ಸೋಫಾದಿಂದ ಅರ್ಧ ಏಳಬೇಕು. ಚಿಕ್ಕ ಕೋಣೆಯಲ್ಲಿ ಸುತ್ತ ಓಡಾಡುವ ದಾರಿಯನ್ನೆಲ್ಲ ಅದೇ ನುಂಗುತ್ತದೆ. ಗಾಜಿನ ಮೂಲೆ ಮಕ್ಕಳ ಹಣೆಯ ಎತ್ತರಕ್ಕೇ ಬರುತ್ತದೆ. ದೊಡ್ಡ ಕೋಣೆ, ಎದುರುಬದುರು ಸೋಫಾ ಇದ್ದವರಿಗೆ ಇದು ಹೇಳಿ ಮಾಡಿಸಿದ್ದು. ಉಳಿದವರು ಮುಂದೆ ಓದಿ.

ಪೈಪಿನ ಕಾಲು

ಮಾರ್ಸೆಲ್ ಬ್ರಾಯರ್ 1925ರಲ್ಲಿ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯಲ್ಲಿದ್ದಾಗ ಬಗ್ಗಿಸಿದ ಉಕ್ಕಿನ ಪೈಪಿನಿಂದ ಪೀಠೋಪಕರಣ ಮಾಡಲು ಶುರು ಮಾಡಿದರು. ಆಮೇಲೆ ಕೆಲವೇ ವರ್ಷಗಳಲ್ಲಿ ಅದು ಯೂರೋಪಿನ ತುಂಬ ಹಬ್ಬಿತು. ಪೈಪಿನ ಟೀಪಾಯಿಯ ಲಾಭ ಅಂದರೆ ಹಗುರ. ಗಟ್ಟಿ ಪಟ್ಟಿಯ ಕಾಲನ್ನು ಇಬ್ಬರು ಎತ್ತಬೇಕಾದರೆ ಪೈಪಿನದ್ದನ್ನು ಒಬ್ಬರೇ ಪಕ್ಕಕ್ಕೆ ಸರಿಸಬಹುದು.

ಈ ಗುಂಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಐಲೀನ್ ಗ್ರೇ ಅವರ ಇ-1027. ಕಟ್ಟುನಿಟ್ಟಾಗಿ ನೋಡಿದರೆ ಇದು ನಡುವೆ ಇಡುವ ಟೀಪಾಯಿ ಅಲ್ಲ, ಪಕ್ಕಕ್ಕೆ ಇಡುವುದು. 1927ರ ವಿನ್ಯಾಸ. ಫ್ರಾನ್ಸಿನ ರೋಕ್‌ಬ್ರೂನ್-ಕ್ಯಾಪ್-ಮಾರ್ಟಿನ್‌ನಲ್ಲಿ ಸಮುದ್ರದ ದಡದ ಮೇಲೆ ಅವರು ಕಟ್ಟಿಸಿದ ಮನೆಯ ಹೆಸರನ್ನೇ ಇದಕ್ಕೂ ಇಟ್ಟರು. ಮೇಲೆ ಸುಮಾರು 51 ಸೆಂ.ಮೀ. ಅಗಲದ ದುಂಡು ಗಾಜು. ಕೆಳಗೆ ಒಂದು ಕಡೆ ತೆರೆದ ಉಂಗುರ. ಆ ಉಂಗುರ ಸೋಫಾದ ಅಥವಾ ಮಂಚದ ಅಡಿಗೆ ತೂರಿಕೊಳ್ಳುತ್ತದೆ, ಗಾಜು ನಿಮ್ಮ ತೊಡೆಯ ಮೇಲಕ್ಕೇ ಬರುತ್ತದೆ. ಒಂದು ಪಿನ್ ಕಿತ್ತು ಬೇರೆ ತೂತಿಗೆ ಹಾಕಿದರೆ ಎತ್ತರ ಹೆಚ್ಚುಕಡಿಮೆ ಆಗುತ್ತದೆ. ಒಬ್ಬರೇ ಇರುವ ಮನೆಗೆ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವರಿಗೆ ಎಕ್ಸ್ ಕಾಲಿನ ದೊಡ್ಡ ಟೀಪಾಯಿಗಿಂತ ಇದು ಎಷ್ಟೋ ಮೇಲು.

ಇದರ ನಕಲುಗಳಿಗೆ ಲೆಕ್ಕವಿಲ್ಲ. ಗುರುತು ಹಿಡಿಯಲು ಕಂಬವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಪೈಪಿನೊಳಗೆ ಪೈಪ್ ಜಾರುವ ಜಾಗದಲ್ಲಿ ಸಡಿಲ ಇದ್ದರೆ ಗಾಜಿನ ತುದಿ ತಲೆಯಾಡಿಸುತ್ತದೆ. ಮೇಲಿಟ್ಟ ಲೋಟ ತುಳುಕುವಷ್ಟು ಅಲ್ಲಾಡಿದರೆ ಬಿಟ್ಟುಬಿಡಿ, ಅದು ಮುಂದೆ ಇನ್ನೂ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗಲ್ಲ.

ಯಾವುದೇ ಪೈಪಿನ ಕಾಲಿನಲ್ಲಿ ಎರಡು ಕಡೆ ನೋಡಿ. ಒಂದು, ತಿರುವು. ಪೈಪ್ ಬಗ್ಗಿದ ಕಡೆಯೂ ದುಂಡಗೇ ಉಳಿದಿರಬೇಕು. ಒಳಭಾಗದಲ್ಲಿ ಸುಕ್ಕು ಬಿದ್ದಿದ್ದರೆ, ಚಪ್ಪಟೆಯಾಗಿದ್ದರೆ ಅವಸರದ ಕೆಲಸ. ಎರಡು, ಪೈಪಿನ ತುದಿ ಮುಚ್ಚುವ ಬುಶ್. ಅದನ್ನು ಕಿತ್ತು ಒಳಗೆ ಬೆಳಕು ಬಿಡಿ. ಪೈಪಿನ ಒಳಗಡೆ ಪ್ಲೇಟಿಂಗ್ ಸರಿಯಾಗಿ ಹತ್ತುವುದಿಲ್ಲ, ಒರೆಸುವ ನೀರು ಮಾತ್ರ ಇಳಿಯುತ್ತದೆ. ಹೊರಗೆ ಕನ್ನಡಿ, ಒಳಗೆ ತುಕ್ಕಿನ ಪುಡಿ ಇರುವ ಪೈಪ್‌ಗಳು ಬಹಳ.

ಪಟ್ಟಿ ಮತ್ತು ಚೌಕಟ್ಟು

1950ರ ದಶಕದಲ್ಲಿ ಇಡೀ ನೋಟ ತಣ್ಣಗಾಯಿತು. ಫ್ಲಾರೆನ್ಸ್ ನೋಲ್ 1954ರಲ್ಲಿ ಮಾಡಿದ ಟೀಪಾಯಿಯಲ್ಲಿ ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಮೇಲೆ ಗಾಜು ಅಥವಾ ಕಲ್ಲು. ಬೇರೇನೂ ಇಲ್ಲ. ಡೆನ್ಮಾರ್ಕಿನ ಪೌಲ್ ಕೇರ್‌ಹೋಲ್ಮ್ 1956ರ ಹೊತ್ತಿಗೆ ಪಿಕೆ61 ತಂದರು. ಒಂದೇ ಅಳತೆಯ ನಾಲ್ಕು ಉಕ್ಕಿನ ತುಂಡುಗಳನ್ನು ಒಂದರ ಬೆನ್ನಿಗೆ ಒಂದು ಸುತ್ತಿದ ಹಾಗೆ ಜೋಡಿಸಿದ್ದಾರೆ. ಕಾಲುಗಳು ಮೂಲೆಯಲ್ಲಿ ಬರಲ್ಲ, ಪ್ರತಿ ಬದಿಯಲ್ಲೂ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತವೆ. ಗಾಜಿನ ಮೂಲಕ ಆ ಜೋಡಣೆ ಪೂರ್ತಿ ಕಾಣುತ್ತದೆ. ಮಾರ್ಬಲ್ ಮತ್ತು ಸ್ಲೇಟ್ ಕಲ್ಲು ಹಾಕಿದ್ದೂ ಸಿಗುತ್ತದೆ. ಆದರೆ ಕಲ್ಲು ಹಾಕಿದರೆ ಇದರ ಅರ್ಧ ಸ್ವಾರಸ್ಯ ಮುಚ್ಚಿಹೋಗುತ್ತದೆ.

80 ಸೆಂ.ಮೀ. ಚೌಕ ಎಷ್ಟೋ ಮನೆಗೆ ಸರಿಹೊಂದುವ ಅಳತೆ. ಒಂದೇ ತೊಡಕು ಎತ್ತರ. ಪಿಕೆ61 ಬರೀ 32 ಸೆಂ.ಮೀ. ತಗ್ಗು ಸೋಫಾಗೆ ಸರಿ. ನಿಮ್ಮ ಸೋಫಾದ ಸೀಟು 45 ಸೆಂ.ಮೀ. ಇದ್ದರೆ ಪ್ರತಿ ಸಲ ಬಗ್ಗಿ ಬೆನ್ನು ಹಿಡಿದುಕೊಳ್ಳಬೇಕಾಗುತ್ತದೆ. ಹಳೇ ಪಿಕೆ61ಗಳನ್ನು ಇ. ಕೋಲ್ಡ್ ಕ್ರಿಸ್ಟೆನ್‌ಸೆನ್ ಅವರ ಸಂಸ್ಥೆ ತಯಾರಿಸಿತ್ತು. 1982ರಿಂದ ಫ್ರಿಟ್ಜ್ ಹ್ಯಾನ್ಸನ್ ತಯಾರಿಸುತ್ತಿದೆ. ಮೊದಲಿನವಕ್ಕೆ ಬೆಲೆ ಜಾಸ್ತಿ. ಹಳೆಯದಕ್ಕೆ ಕೇಳುವ ಬೆಲೆ ತಯಾರಕರ ಗುರುತಿನ ಮೇಲೆ ನಿಂತಿರುತ್ತದೆ, ಆದ್ದರಿಂದ ಉಕ್ಕಿನ ಮೇಲೆ ಒತ್ತಿದ ಮುದ್ರೆ ಎಲ್ಲಿದೆ ಅಂತ ತೋರಿಸಲು ಕೇಳಿ.

ಇದೇ ಗುಂಪಿನಲ್ಲಿ 1970ರ ದಶಕದ ಹೆಸರಿಲ್ಲದ ಟೀಪಾಯಿಗಳು ಬರುತ್ತವೆ. ದಪ್ಪ ಪಟ್ಟಿ, ಕನ್ನಡಿಯಂಥ ಕ್ರೋಮ್, ಹೊಗೆ ಬಣ್ಣದ ಗಾಜು. ಮಾರುವವರು ಇವಕ್ಕೆಲ್ಲ ಅಮೆರಿಕದ ಮೈಲೋ ಬಾಮನ್ ಹೆಸರು ಹಚ್ಚುತ್ತಾರೆ. ಅವರು ಥೇಯರ್ ಕಾಗಿನ್ ಕಂಪನಿಗೆ ಪಟ್ಟಿ ಕ್ರೋಮಿನ ಟೀಪಾಯಿ ಮಾಡಿದ್ದು ನಿಜ. ಆದರೆ ಪಟ್ಟಿ ಬಗ್ಗಿಸಿದ್ದೆಲ್ಲ ಅವರದೇ ಆಗಲು ಸಾಧ್ಯವಿಲ್ಲ, ಅಲ್ವಾ? ಅವರ "ಶೈಲಿಯಲ್ಲಿ", ಅವರದ್ದು "ಎನ್ನಲಾದ" ಅಂತ ಬರೆದಿದ್ದರೆ ಅದನ್ನು ಹೆಸರಿಲ್ಲದ್ದು ಅಂತಲೇ ಓದಿಕೊಂಡು ಆ ಬೆಲೆಯನ್ನೇ ಕೊಡಿ. ಹೆಸರು ಇಲ್ಲ ಅಂತ ಕೊಳ್ಳಬಾರದು ಅಂತಲ್ಲ. ಕೊಟ್ಟ ದುಡ್ಡಿಗೆ ಎಲ್ಲಕ್ಕಿಂತ ಒಳ್ಳೆಯ ಉಕ್ಕು ಸಿಗುವುದು ನನ್ನ ಪ್ರಕಾರ ಈ ಗುಂಪಿನಲ್ಲೇ.

ತಂತಿಯ ಕಾಲು

ವಾರನ್ ಪ್ಲಾಟ್ನರ್ 1966ರಲ್ಲಿ ನೋಲ್ ಕಂಪನಿಗೆ ಮಾಡಿದ್ದು. ನೂರಾರು ಬೆಸುಗೆಯಿಂದ ಹಿಡಿದಿಟ್ಟ ಉಕ್ಕಿನ ತಂತಿಗಳು ನಡುವೆ ಸೊಂಟದ ಹಾಗೆ ಸಣ್ಣಗಾಗಿ, ಮೇಲೆ ಕೆಳಗೆ ಅಗಲವಾಗುತ್ತವೆ. ಮೇಲೆ ದುಂಡು ಗಾಜು. ಮೂಲೆ ಇಲ್ಲ, ಕಾಲಿಗೆ ಬೆರಳು ಬಡಿಯಲ್ಲ, ಗಾಜಿನ ಕೆಳಗಿನ ನೆರಳು ಗಂಟೆಗೊಂದು ಥರ. ಆದರೆ ಧೂಳು ಒರೆಸುವವರ ಕಷ್ಟ ಕೇಳಬೇಡಿ. ಒಂದು ತಂತಿ ಸೊಟ್ಟಗಾದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡುವುದೂ ಕಷ್ಟ. ಕೊಳ್ಳುವ ಮುಂಚೆ ಸುತ್ತ ಒಂದು ಸುತ್ತು ಬಂದು ತಂತಿಗಳ ನಡುವಿನ ಸಂದು ಒಂದೇ ಸಮ ಇದೆಯಾ ನೋಡಿ.

ಯಾವ ಲೋಹ?

ಆಕಾರ ಇಷ್ಟವಾಯಿತು. ಇನ್ನು ಲೋಹ. ಜೇಬಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ, ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಗಟ್ಟಿಯಾಗಿ ಅಂಟಿದರೆ ಒಳಗಿರುವುದು ಮಾಮೂಲಿ ಉಕ್ಕು, ಮೇಲೆ ಕ್ರೋಮ್ ಅಥವಾ ನಿಕ್ಕಲ್ ಲೇಪ. ಅಂಟದಿದ್ದರೆ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆ ಅಥವಾ ಅಲ್ಯುಮಿನಿಯಂ. ಹಿತ್ತಾಳೆ ಅಂತ ಹೇಳಿದ ಕಾಲಿಗೆ ಮ್ಯಾಗ್ನೆಟ್ ಅಂಟಿದರೆ ಅದು ಬರೀ ಹಿತ್ತಾಳೆ ಲೇಪ. ಅದನ್ನು ಪಾಲಿಶ್ ಹಾಕಿ ಉಜ್ಜಿದಷ್ಟೂ ಲೇಪ ಸವೆದು ಕೆಳಗಿನ ಬಿಳಿ ಲೋಹ ಇಣುಕುತ್ತದೆ.

ಕ್ರೋಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಅದೇ. ಅಲಂಕಾರದ ಕ್ರೋಮ್ ಪದರ ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ 1 ಮೈಕ್ರಾನ್‌ಗಿಂತ ತೆಳು. ಉಕ್ಕನ್ನು ಕಾಪಾಡುವುದು ನಿಜವಾಗಿ ಅದರ ಕೆಳಗಿನ ದಪ್ಪ ನಿಕ್ಕಲ್. ಆ ನಿಕ್ಕಲ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತೇವ ಒಳಗಿಳಿಯುತ್ತದೆ. ಮೊದಲು ಕಾಣುವುದು ಮೆಣಸಿನ ಪುಡಿ ಉದುರಿಸಿದಂಥ ಕಂದು ಚುಕ್ಕೆ. ಉಗುರಿನಿಂದ ಸವರಿ ನೋಡಿ. ನುಣ್ಣಗಿದ್ದರೆ ತುಕ್ಕು ಇನ್ನೂ ಮೇಲೇ ಇದೆ. ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಬಹಳಷ್ಟು ಹೋಗುತ್ತದೆ. ಉಗುರಿಗೆ ಗುಳಿ ಸಿಕ್ಕಿದರೆ ತುಕ್ಕು ಉಕ್ಕಿನೊಳಗೆ ಇಳಿದಿದೆ, ಉಜ್ಜಿದರೂ ಗುಳಿ ಉಳಿಯುತ್ತದೆ. ಚುಕ್ಕೆಯ ಸುತ್ತ ಗುಳ್ಳೆ ಎದ್ದಿದ್ದರೆ, ಅಂಚು ಪೊರೆಯಾಗಿ ಏಳುತ್ತಿದ್ದರೆ ಪೂರ್ತಿ ರೀಕ್ರೋಮ್ ಬಿಟ್ಟು ಬೇರೆ ದಾರಿ ಇಲ್ಲ.

ರೀಕ್ರೋಮ್ ಅಂದರೆ ಸುಮ್ನೆ ಒಂದು ಕೋಟ್ ಹೊಡೆಯುವುದಲ್ಲ. ಹಳೆಯದನ್ನೆಲ್ಲ ತೆಗೆದು, ಉಕ್ಕನ್ನು ಬಫ್ ಮಾಡಿ (ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ), ಗುಳಿಗಳನ್ನು ಹೆಚ್ಚಾಗಿ ತಾಮ್ರದ ಪದರದಿಂದ ತುಂಬಿ, ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಬಫ್ ಮಾಡುವಾಗ ಕೈ ಸ್ವಲ್ಪ ಜೋರಾದರೂ ಚೂಪಾದ ಅಂಚು ಉರುಟಾಗುತ್ತದೆ. ಎಕ್ಸ್ ಕಾಲಿನ ಸೊಗಸೆಲ್ಲ ಆ ಅಂಚಿನಲ್ಲೇ ಇರುವುದರಿಂದ ಕೆಟ್ಟ ರೀಕ್ರೋಮ್ ಆದ ಅಸಲಿಗಿಂತ ಚುಕ್ಕೆ ಬಿದ್ದ ಅಸಲಿಯೇ ವಾಸಿ. "ಈಗಷ್ಟೇ ರೀಕ್ರೋಮ್ ಮಾಡಿಸಿದ್ದೇವೆ" ಅಂತ ಹೇಳಿದರೆ ಹೊಳಪು ನೋಡಿ ಮರುಳಾಗಬೇಡಿ. ಅಂಚು ಮುಟ್ಟಿ ನೋಡಿ.

ಸ್ಟೇನ್‌ಲೆಸ್‌ಗೆ ಈ ಗೋಳಿಲ್ಲ. ಮೇಲಿನಿಂದ ಒಳಗಿನವರೆಗೆ ಒಂದೇ ಲೋಹ, ಗೀರು ಬಿದ್ದರೆ ಮತ್ತೆ ಉಜ್ಜಿ ಸರಿಮಾಡಬಹುದು. ಬಣ್ಣದಲ್ಲಿ ಕ್ರೋಮ್ ಸ್ವಲ್ಪ ನೀಲಿ ಛಾಯೆ, ಸ್ಟೇನ್‌ಲೆಸ್ ಬೂದು ಛಾಯೆ, ನಿಕ್ಕಲ್ ತುಸು ಹಳದಿ ಛಾಯೆ. ಮೂರನ್ನೂ ಒಂದೇ ಬೆಳಕಲ್ಲಿ ಒಮ್ಮೆ ನೋಡಿದರೆ ಆಮೇಲೆ ಕಣ್ಣಿಗೆ ತಾನಾಗೇ ತಿಳಿಯುತ್ತದೆ. 1920ರ ದಶಕದ ತೀರಾ ಹಳೆಯ ಪೈಪಿನ ಕಾಲುಗಳಲ್ಲಿ ನಿಕ್ಕಲ್ ಇರುವುದು ಸಹಜ, ಕ್ರೋಮ್ ಆಗಷ್ಟೇ ಬಳಕೆಗೆ ಬರುತ್ತಿತ್ತು. ದಿನಾ ಬಳಸುವ ಮನೆಗೆ ನಾನು ಹೇಳುವುದು ಮಂದ ಹೊಳಪಿನ ಸ್ಟೇನ್‌ಲೆಸ್. ಬೆರಳ ಗುರುತು ಹಿಡಿಯುವುದೂ ಕನ್ನಡಿ ಕ್ರೋಮ್‌ಗಿಂತ ಕಡಿಮೆ. ಗಟ್ಟಿ ಹಿತ್ತಾಳೆ ಬೇರೆಯದೇ ರುಚಿ, ಕಪ್ಪಾಗುವುದನ್ನು ಚೆಂದ ಅಂದುಕೊಳ್ಳುವವರಿಗೆ ಮಾತ್ರ.

ಗಾಜು

ಮೊದಲು ತೂಕ. ಗಾಜು 1 ಚದರ ಮೀಟರ್‌ಗೆ, ಪ್ರತಿ 1 ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಒಂದು ಮೀಟರ್ ಚೌಕ, 19 ಮಿ.ಮೀ. ದಪ್ಪದ ಎಕ್ಸ್ ಟೀಪಾಯಿಯ ಗಾಜೊಂದೇ 47.5 ಕೆ.ಜಿ. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 10 ಮಿ.ಮೀ. ದಪ್ಪದ್ದು 18 ಕೆ.ಜಿ. ಒರೆಸುವಾಗಲೆಲ್ಲ ಸರಿಸುವ ಅಭ್ಯಾಸ ಇದ್ದವರು ಈ ಲೆಕ್ಕ ಮಾಡಿಯೇ ಕೊಳ್ಳಿ. ದುಡ್ಡು ಉಳಿಸಲು ತೆಳು ಗಾಜು ಹಾಕಿಸಬೇಡಿ. ಟೀಪಾಯಿಯ ಅಂದ ಕೆಡುತ್ತದೆ, ನಡುವೆ ಆಧಾರ ಇಲ್ಲದ ಕಾಲಿನ ಮೇಲೆ ಅದು ಅಪಾಯ ಕೂಡ.

ಟಫನ್ಡ್ (ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು) ಹೌದೋ ಅಲ್ಲವೋ ಅನ್ನುವುದು ಮುಂದಿನ ಪ್ರಶ್ನೆ. ಟಫನ್ಡ್ ಗಾಜು ಮಾಮೂಲಿಯದ್ದಕ್ಕಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೆ ಸಣ್ಣ ಮೊಂಡು ಚೂರಾಗುತ್ತದೆ. ಮಾಮೂಲಿ ಗಾಜು ಉದ್ದ ಚೂಪಿನ ತುಂಡಾಗಿ ಸೀಳುತ್ತದೆ. ಹಳೇ ಟೀಪಾಯಿಗಳಲ್ಲಿ ಬಹಳಷ್ಟಕ್ಕೆ ಮಾಮೂಲಿ ಗಾಜೇ ಇರುವುದು. ಮೂಲೆಯಲ್ಲಿ ಚಿಕ್ಕ ಮುದ್ರೆ ಇದ್ದರೆ ತಿಳಿಯುವುದು ಸುಲಭ. ಇಲ್ಲದಿದ್ದರೆ ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು, ಗಾಜಿನಲ್ಲಿ ಆಕಾಶ ಪ್ರತಿಫಲಿಸುವ ಹಾಗೆ ಓರೆಯಾಗಿ ನೋಡಿ. ಟಫನ್ಡ್ ಆಗಿದ್ದರೆ ಮಸುಕಾದ ಚುಕ್ಕೆ ಅಥವಾ ಪಟ್ಟಿ ಕಾಣುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನನ್ನ ಸಲಹೆ: ಹಳೇ ಗಾಜನ್ನು ಗೋಡೆಗೆ ಒರಗಿಸಿ ಜೋಪಾನ ಮಾಡಿ, ಬಳಕೆಗೆ ಹೊಸ ಟಫನ್ಡ್ ಮಾಡಿಸಿ. ಮುಂದೆ ಮಾರುವಾಗ ಹಳೇ ಗಾಜು ಕಾಲಿನ ಜೊತೆಗಿದ್ದರೆ ಅದಕ್ಕೊಂದು ಬೆಲೆ. ಒಂದು ವಿಷಯ ನೆನಪಿರಲಿ. ಟಫನ್ಡ್ ಆದಮೇಲೆ ಗಾಜನ್ನು ಕತ್ತರಿಸಲು, ತೂತು ಕೊರೆಯಲು ಆಗಲ್ಲ. ಅಳತೆ, ಮೂಲೆಯ ತಿರುವು, ಅಂಚಿನ ಪಾಲಿಶ್ ಎಲ್ಲ ಮೊದಲೇ ಮುಗಿದಿರಬೇಕು.

ಗೀರಿಗೂ ಉಗುರಿನ ಪರೀಕ್ಷೆಯೇ. ಉಗುರು ತಡೆಯದ ಸಣ್ಣ ಗೀರನ್ನು ಗಾಜು ಉಜ್ಜುವ ಪುಡಿಯಾದ ಸೀರಿಯಂ ಆಕ್ಸೈಡ್‌ನಿಂದ ಪಾಲಿಶ್ ಮಾಡಿ ತೆಗೆಯಬಹುದು. ಆಳದ್ದನ್ನು ತೆಗೆಯಲು ಹೋದರೆ ಅಲ್ಲಿ ತಗ್ಗಾಗಿ ಕೆಳಗಿನ ನೆಲ ಅಂಕುಡೊಂಕಾಗಿ ಕಾಣುತ್ತದೆ. ಅಂಚಿನ ಚಕ್ಕೆ ಗೀರಿಗಿಂತ ಗಂಭೀರ. ಬಿರುಕು ಸಾಮಾನ್ಯವಾಗಿ ಹೊರಡುವುದು ಅಂಚಿನಿಂದಲೇ.

ಈಗ ಮೊದಲು ಹೇಳಿದ ಅಪವಾದಗಳು. 1970ರ ಹೊಗೆ ಬಣ್ಣದ ಅಥವಾ ಕಂದು ಗಾಜಿನಲ್ಲಿ ಬಣ್ಣ ಗಾಜಿನ ಮೈಯೊಳಗೇ ಇರುತ್ತದೆ. ಹೊಸ ಗಾಜಿನಲ್ಲಿ ಅದೇ ಛಾಯೆ, ಅದೇ ದಪ್ಪ ಸಿಗುವುದು ಅದೃಷ್ಟ. ಎರಡು ತುಂಡಿನ ಗಾಜಲ್ಲಿ ಒಂದು ಒಡೆದಿದ್ದರೆ ಎರಡನ್ನೂ ಬದಲಾಯಿಸಬೇಕಾಗುತ್ತದೆ. ಇನ್ನೊಂದು ಗಾಯೆ ಔಲೆಂಟಿ 1980ರಲ್ಲಿ ಫೊಂಟಾನಾ ಆರ್ಟೆ ಕಂಪನಿಗೆ ಮಾಡಿದ ಚಕ್ರದ ಟೀಪಾಯಿ. ದಪ್ಪ ಗಾಜಿನ ಹಲಗೆ, ಅದಕ್ಕೇ ನೇರ ಹಿಡಿದ ನಾಲ್ಕು ಕಾರ್ಖಾನೆ ಚಕ್ರ. ಕಾಲೂ ಇಲ್ಲ, ಚೌಕಟ್ಟೂ ಇಲ್ಲ. ಅಲ್ಲಿ ಗಾಜೇ ಟೀಪಾಯಿ. ಚಕ್ರ ಹಿಡಿದ ಜಾಗದ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಮುಟ್ಟಬೇಡಿ.

ಅಸಲಿ ಹಳೆಯದು, ಅಧಿಕೃತ ಹೊಸದು, ನಕಲು

ಮೀಸ್ ಮತ್ತು ಪ್ಲಾಟ್ನರ್ ವಿನ್ಯಾಸಗಳನ್ನು ನೋಲ್, ಗ್ರೇ ಅವರದ್ದನ್ನು ಕ್ಲಾಸಿಕಾನ್, ಕೇರ್‌ಹೋಲ್ಮ್ ಅವರದ್ದನ್ನು ಫ್ರಿಟ್ಜ್ ಹ್ಯಾನ್ಸನ್ ಇಂದಿಗೂ ಅಧಿಕೃತವಾಗಿ ತಯಾರಿಸುತ್ತಿವೆ. ಹಾಗಾಗಿ "ಹಳೆಯದು" ಅನ್ನುವ ಒಂದೇ ಕಾರಣಕ್ಕೆ ಹೊಸದಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ. ಹತ್ತು ಹದಿನೈದು ವರ್ಷ ಬಳಸಿದ ಅಧಿಕೃತ ಟೀಪಾಯಿ ನನ್ನ ಲೆಕ್ಕದಲ್ಲಿ ಜಾಣತನದ ಖರೀದಿ. ಕೆಲಸ ಅದೇ ಮಟ್ಟದ್ದು, ಹೊಸತನದ ಬೆಲೆ ಇಳಿದಿರುತ್ತದೆ, ಸಂಗ್ರಹಕಾರರ ಪೈಪೋಟಿ ಇನ್ನೂ ಶುರುವಾಗಿರುವುದಿಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ನಕಲು ಅಂತ ತೀರ್ಮಾನ ಮಾಡಬೇಡಿ. ಎಷ್ಟೋ ಹಳೇ ಅಧಿಕೃತ ತುಣುಕುಗಳಿಗೆ ಬರೀ ಚೀಟಿ ಅಂಟಿಸಿರುತ್ತಿದ್ದರು, ಅದು ಬಿದ್ದುಹೋಗಿರುತ್ತದೆ. ಮುದ್ರೆ ಇದ್ದ ಮಾತ್ರಕ್ಕೆ ಅಸಲಿ ಅಂತಲೂ ನಂಬಬೇಡಿ. ಅಳತೆ, ಪಟ್ಟಿಯ ದಪ್ಪ, ಬೆಸುಗೆ, ತೂಕ ಈ ನಾಲ್ಕೂ ಒಂದೇ ಕಥೆ ಹೇಳಬೇಕು.

ನಕಲು ಮತ್ತು ಹೆಸರಿಲ್ಲದ ಹಳೆಯದರ ನಡುವೆ ಆರಿಸಬೇಕಾಗಿ ಬಂದರೆ ನಾನು ಎರಡನೆಯದ್ದಕ್ಕೇ ಹೋಗುತ್ತೇನೆ. ಪ್ರಸಿದ್ಧ ಆಕಾರದ ನಕಲಿನಲ್ಲಿ ದುಡ್ಡು ಹೋಗಿರುವುದು ಹೋಲಿಕೆಗೆ. ಹೆಸರಿಲ್ಲದ್ದರಲ್ಲಿ ಉಕ್ಕಿಗೆ, ಕೆಲಸಕ್ಕೆ. ಮತ್ತೆ ಮಾರಲು ಹೋದಾಗಲೂ ನಕಲಿಗೆ ಗಿರಾಕಿ ಸಿಗುವುದು ಕಷ್ಟ.

ಫೋಟೋ ನೋಡಿ ಕೊಳ್ಳುವುದಾದರೆ

ಗಾಜು ತೆಗೆದು ಕಾಲನ್ನು ಮಗುಚಿ ಹಾಕಿದ ಫೋಟೋ ಕೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಜೋಡಣೆಯ ಒಳಮೂಲೆ, ಪಾದದ ಅಡಿ, ಗಾಜಿನ ಅಂಚಿಗೆ ಸ್ಕೇಲ್ ಹಿಡಿದದ್ದು, ಇವು ಹತ್ತಿರದಿಂದ ಬೇಕು. ಕಾಲಿನ ಚೌಕದ ಎರಡೂ ಕರ್ಣ ಅಳೆದು ಹೇಳಲು ಕೇಳಿ. ಎರಡೂ ಒಂದೇ ಬಂದರೆ ಕಾಲು ನೆಟ್ಟಗಿದೆ. ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಫರಕು ಬಂದರೆ ಎಲ್ಲೋ ಬಿದ್ದಿದೆ, ಇಲ್ಲವೇ ಮಾಡುವಾಗಲೇ ತಪ್ಪಾಗಿದೆ. ಮನೆಯ ಅಳತೆಯನ್ನೂ ಆಗಲೇ ನೋಡಿಕೊಳ್ಳಿ: ಸೋಫಾದ ಸೀಟಿನಷ್ಟೇ ಅಥವಾ ಅದಕ್ಕಿಂತ ನಾಲ್ಕೈದು ಸೆಂ.ಮೀ. ತಗ್ಗಿನ ಎತ್ತರ, ಸೋಫಾದ ಮೂರನೇ ಎರಡು ಭಾಗದಷ್ಟು ಉದ್ದ, ಸೋಫಾಗೂ ಟೀಪಾಯಿಗೂ ನಡುವೆ 40ರಿಂದ 45 ಸೆಂ.ಮೀ. ಜಾಗ.

ತರುವಾಗ ಗಾಜನ್ನು ಮಲಗಿಸಬೇಡಿ. ಕಂಬಳಿ ಸುತ್ತಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಒರಗಿಸಿ ತರಬೇಕು. ಕೂರಿಸುವ ಮುಂಚೆ ಕಾಲಿನ ಮೇಲಿರುವ ಹಳೇ ರಬ್ಬರ್ ಬುಶ್ ಕಿತ್ತು ಎಸೆಯಿರಿ. ಅವು ಕಲ್ಲಾಗಿರುತ್ತವೆ, ಗಾಜು ಜಾರುತ್ತದೆ. ಬಣ್ಣವಿಲ್ಲದ ಸಿಲಿಕಾನ್ ಬುಶ್ ಹಾಕಿ, ಗಾಜಿಟ್ಟು, ರಸಮಟ್ಟ ಇಟ್ಟು ನೋಡಿ. ಒಂದು ಮೂಲೆ ತಗ್ಗಿದ್ದರೆ ಗಾಜಿನ ಕೆಳಗೆ ಕಾಗದ ಮಡಚಿ ತುರುಕಬೇಡಿ, ಪಾದದ ಅಡಿಗೆ ತೆಳು ಫೆಲ್ಟ್ ಅಂಟಿಸಿ. ಒರೆಸುವ ದ್ರವವನ್ನು ಗಾಜಿನ ಮೇಲೆ ಹೊಡೆಯುವ ಬದಲು ಬಟ್ಟೆಗೆ ಹೊಡೆದುಕೊಳ್ಳಿ. ಗಾಜಿನ ಮೇಲೆ ಹೊಡೆದದ್ದು ಅಂಚಿನಿಂದ ಇಳಿದು ಬುಶ್ ಸುತ್ತ ನಿಲ್ಲುತ್ತದೆ. ಕ್ರೋಮ್ ಮೇಲೆ ಉಂಗುರದಂಥ ತುಕ್ಕು ಕಂಡರೆ ಅದರ ಹಿಂದೆ ಹೆಚ್ಚಾಗಿ ಇರುವುದು ಇದೇ.